ಎಂದೂ ನಪಾಸಾಗದ ಕೂಲರ್‌ಗಳು

ಬೈಲಹೊಂಗಲದ ಆ ಕಾರ್ಖಾನೆಯ ಒಂದು ಏರ್ ಕೂಲರ್ ಕೂಡ ಅರ್ಥಿಂಗ್ ಪರೀಕ್ಷೆಯಲ್ಲಿ ನಪಾಸಾಗಿಲ್ಲ ಎಂಬ ಐತಿಹ್ಯವನ್ನು ನಾನು ಪರೀಕ್ಷಕಿಯಾಗಿ ಕೆಲಸಕ್ಕೆ ಸೇರಿದ ದಿನವೇ ನನಗೆ ಕೇಳಿಸಿದ್ದರು. ನನಗೆ ನಂಬಿಕೆ ಬರಲಿಲ್ಲ. ಸೋರಿದ ಕರೆಂಟು ನೀರು ತುಂಬುವವರ ಮೈಗೆ ಹರಿಯದೆ ನೆಲಕ್ಕಿಳಿಯಬೇಕಾದರೆ ಅರ್ಥಿಂಗ್ ತಂತಿಯು ಕೂಲರಿನ ತಗಡಿಗೆ ಗಟ್ಟಿಯಾಗಿ ಕೂಡಿರಬೇಕು. ಪರೀಕ್ಷೆ ಇರುವುದೇ ಅದಕ್ಕೆ. ಆದರೆ ಹಿರಿಯ ಮಿಸ್ತ್ರಿ ಈರಪ್ಪನವರು ಮೀಟರಿನ ಕ್ಲಿಪ್ಪನ್ನು ತಗಡಿನ ಬದಲು ತಂತಿ ಬಿಗಿದ ಸ್ಕ್ರೂವಿಗೇ ಹಚ್ಚುತ್ತಿದ್ದರು. ಮೀಟರು ಬರೀ ತಂತಿಯನ್ನು ಅಳೆಯುತ್ತಿತ್ತು.

“ತಗಡಿಗೆ ಹಚ್ರಿ,” ಎಂದೆ.

“ಬಾಯಾರ, ಹೊಸಾ ಬಣ್ಣ ಕಿತ್ತ ಬರತೈತ್ರಿ. ಗೀರು ಬಿದ್ದ ಕೂಲರ್ ನೀವರ ಮನಿಗೆ ಒಯ್ತೀರೇನು?”

ನಾನೇ ಬಣ್ಣ ಕೆರೆದು ತಗಡಿಗೆ ಕ್ಲಿಪ್ ಹಚ್ಚಿದೆ. ಸ್ಕ್ರೂವಿನ ಅಡಿಯಲ್ಲೂ ಬಣ್ಣವೇ ಮೆತ್ತಿತ್ತು; ತಂತಿ ತಗಡಿಗೆ ತಾಕಿರಲೇ ಇಲ್ಲ. ಅಂದಿನ ಒಂದು ಕೂಲರೂ ಪಾಸಾಗಲಿಲ್ಲ.

“ಈಗಾಗಲೇ ಮಾರಿದವುಗಳ ಗತಿ?” ಎಂದು ಮಾಲೀಕರನ್ನು ಕೇಳಿದೆ.

“ಸವದತ್ತಿ, ರಾಮದುರ್ಗ, ಎಲ್ಲಾ ಕಡಿ ಹೋಗ್ಯಾವ್ರಿ. ಇಷ್ಟ ವರ್ಷದಾಗ ಯಾರರ ದೂರು ತಂದಾರೇನು?”

“ಸತ್ತವರು ದೂರು ತರೂದಿಲ್ರಿ,” ಎಂದೆ.

ಮರುದಿನ ಮಾಲೀಕರು ಮೀಟರೇ ಕೆಟ್ಟಿದೆಯೆಂದು ಅದನ್ನು ಹುಬ್ಬಳ್ಳಿಗೆ ರಿಪೇರಿಗೆ ಕಳಿಸಿದರು. ಅದು ಬರುವವರೆಗೂ ಎಲ್ಲ ಕೂಲರ್‌ಗಳೂ ಪಾಸಾದವು.