ಕರೆಂಟು, ಜಗಳ ಮತ್ತು ಒಂದು ಬುಟ್ಟಿ ಶಿರಾ

ಊಟಕ್ಕೆ ಕೂತಾಗ ನಾನು ಉಪ್ಪು ಕೇಳುವ ಧಾಟಿ, ಹೊಸಬರ ಕಿವಿಗೆ, ಪಕ್ಕದ ಮನೆಗೆ ಬೆಂಕಿ ಬಿದ್ದಾಗಿನ ಕೂಗಿನಂತಿರುತ್ತದಂತೆ. ತಪ್ಪು ನನ್ನದಲ್ಲ. ರಬಕವಿಯ ನಮ್ಮ ಓಣಿಯಲ್ಲಿ ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ನಮ್ಮದೇ ಹಿತ್ತಲಲ್ಲಿ ತಮ್ಮನ ಮಗ್ಗ. ಕರೆಂಟು ಇರುವಷ್ಟು ಹೊತ್ತೂ ಅವುಗಳ ಖಟಖಟ ನಿನಾದದ ಮೇಲೆ ದನಿಯೇರಿಸದೆ ಇಲ್ಲಿ ಪ್ರೇಮನಿವೇದನೆಯೂ ಅಸಾಧ್ಯ. ನನ್ನ ದಾಂಪತ್ಯದ ಆರಂಭದ ಸರಸಸಲ್ಲಾಪವೆಲ್ಲ ಹರಾಜು ಕೂಗುವ ಶ್ರುತಿಯಲ್ಲೇ ನಡೆಯಿತು.

ವೃತ್ತಿಯಿಂದ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮಾಸ್ತರ. ಎರಡು ಸಂಗತಿಗಳು ಜೊತೆಜೊತೆಯಾಗಿ ಏರಿಳಿದರೆ ಅವುಗಳ ನಡುವೆ ಸಹಸಂಬಂಧವಿದೆ ಎಂದು ಬೋಧಿಸಿ ಹೊಟ್ಟೆ ಹೊರೆಯುವವನು. ಲೋಡ್ ಶೆಡ್ಡಿಂಗಿನ ಆ ವರ್ಷಗಳಲ್ಲಿ ನನಗೊಂದು ಮಹತ್ತರ ಸತ್ಯ ಗೋಚರಿಸಿತು: ಕರೆಂಟು ಹೋದೊಡನೆ ಓಣಿಯಲ್ಲಿ ಜಗಳ! ಬೇಸಿಗೆಯ ರಜೆಯಿಡೀ ಕಟ್ಟೆಯ ಮೇಲೆ ಕೂತು, ಕರೆಂಟು ಹೋದ ಹೊತ್ತನ್ನೂ ಕೇಳಿಬಂದ ಜಗಳಗಳನ್ನೂ ತಾಳೆ ಹಾಕಿ ಪರೀಕ್ಷಿಸಿದೆ. ಅವೆರಡೂ ನವದಂಪತಿಗಳಂತೆ ಕೈಹಿಡಿದೇ ಓಡಾಡುತ್ತಿದ್ದವು. ಫ್ಯಾನು ನಿಂತರೆ ಪಿತ್ತ ಕೆರಳುತ್ತದೆ, ಪಿತ್ತ ಕೆರಳಿದರೆ ಜಗಳವಾಗುತ್ತದೆ ಎಂಬ ಸಿದ್ಧಾಂತವನ್ನು ಹೆಂಡತಿ ಕಮಲಾಳ ಮುಂದೆ ಮಂಡಿಸಿದೆ. ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಇದ್ದಳು.

ಸಿದ್ಧಾಂತಕ್ಕೆ ಸತ್ವಪರೀಕ್ಷೆ ಬಂದದ್ದು ಮಗಳು ಗಿರಿಜಾಳನ್ನು ನೋಡಲು ಗಲಗಲಿಯ ಕಡೆಯವರು ಬರುವುದಾಗಿ ಹೇಳಿಕಳಿಸಿದಾಗ. ಹಿಂದೊಮ್ಮೆ ಬಂದಿದ್ದ ಬೇರೆ ಕಡೆಯ ಬೀಗರು, ಕರೆಂಟು ಹೋಗಿ ಓಣಿಯ ಜಗಳ ಕಿವಿಗೆ ಬಿದ್ದದ್ದೇ ತಡ, ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದರು. ಈ ಸಲದ ಹುಡುಗ ಗಿರಿಜಾಳ ಮನಸ್ಸಿಗೆ ಬಂದಿದ್ದ. ಅವನ ಫೋಟೋವನ್ನು ಅವಳು ಧೂಳಿಲ್ಲದಿದ್ದರೂ ಒರೆಸುತ್ತಿದ್ದಳು. ಹೊಳೆದಂಡೆಯ ಜನ, ಬಲು ಮೆಲುದನಿಯವರು ಎಂದು ಬೇರೆ ಕೇಳಿದ್ದೆವು. ನನಗೆ ನಿಜಕ್ಕೂ ಭಯವಾಗಿತ್ತು.

"ಅವರು ಇರೂತನಾ ನಮ್ಮ ಮಗ್ಗ ನಿಂದರಸ್ರಿ, ಆಡಿದ ಮಾತರ ಕೇಳ್ಲಿ," ಎಂದಳು ಕಮಲಾ. ನಾನು ಒಪ್ಪಲಿಲ್ಲ. ಕರೆಂಟು ಇರುವ ಹೊತ್ತಿಗೇ ಬೀಗರನ್ನು ಕರೆಸಿದರೆ ಜಗಳದ ಸಂಭವವೇ ಇಲ್ಲ, ಮಗ್ಗ ಓಡುತ್ತಿದ್ದರೆ ಕರೆಂಟು ಇರುವುದಕ್ಕೆ ಸಾಕ್ಷಿ ಎಂದು ಶಾಸ್ತ್ರಾಧಾರ ಸಮೇತ ವಾದಿಸಿ ಗೆದ್ದೆ. ಕರೆಂಟಿನ ಪಾಳಿ ನೋಡಿ ಹೊತ್ತು ಗೊತ್ತುಮಾಡಿದೆ.

ಬಂದರು, ಕೂತರು. ಮಗ್ಗಗಳ ಆರ್ಭಟದಲ್ಲಿ ಅವರು ಕೇಳಿದ ಪ್ರಶ್ನೆ ನಮಗೂ ನಾವು ಕೊಟ್ಟ ಉತ್ತರ ಅವರಿಗೂ ತಲುಪದೆ, ಎಲ್ಲರೂ ಎಲ್ಲದಕ್ಕೂ ತಲೆಯಾಡಿಸುತ್ತ ಪರಮ ಸೌಹಾರ್ದದಿಂದಿದ್ದೆವು. ಹುಡುಗನ ತಂದೆಯಂತೂ ಕಮಲಾ ದೊಡ್ಡ ಪಾತ್ರೆ, ಅಂದರೆ ನಮ್ಮ ಕಡೆಯ ಬುಟ್ಟಿ, ತುಂಬ ಮಾಡಿದ್ದ ಶಿರಾದಲ್ಲಿ ತಲ್ಲೀನರಾಗಿದ್ದರು. ಅವರು ಮತ್ತೆ ಮತ್ತೆ ಹಾಕಿಸಿಕೊಳ್ಳುವುದನ್ನು ನೋಡಿ ಕಳವಳಗೊಂಡ ನಾನು, ಅಡುಗೆಮನೆಯ ಬಾಗಿಲಲ್ಲಿದ್ದ ಕಮಲಾಳಿಗೆ ನಮ್ಮ ಓಣಿಯ ರೂಢಿಯಂತೆ ಕೂಗಿ ಗುಟ್ಟು ಹೇಳಿದೆ: "ಈ ಮನಷ್ಯಾ ಬುಟ್ಟಿನ ಖಾಲಿ ಮಾಡ್ತಾನ, ನಮಗೊಂದಿಷ್ಟು ಮುಚ್ಚಿಡ!"

'ಈ ಮನಷ್ಯಾ' ಎನ್ನುವಾಗಲೇ ಕರೆಂಟು ಹೋಗಿತ್ತು.

ಅಂಥ ನಿಶ್ಶಬ್ದವನ್ನು ನಾನು ಪರೀಕ್ಷಾ ಕೊಠಡಿಯಲ್ಲೂ ಕಂಡವನಲ್ಲ. ಗಿರಿಜಾಳ ಕಣ್ಣು ತುಂಬಿತು. ಹುಡುಗನ ತಾಯಿ ಬಾಯಿ ತೆರೆದರು. ಮುಗಿಯಿತು, ಜಗಳ ಶುರು ಎಂದುಕೊಂಡೆ.

"ಸಾಕು ಮಾಡ್ರಿ, ಸಾಕು ಮಾಡ್ರಿ ಅಂತ ನಾ ಇವರಿಗೆ ಆವಾಗಿಂದ ಒದರಾಕತ್ತೇನಿ," ಎಂದರು ಆಕೆ, ಗಂಡನತ್ತ ಕೈ ಚಾಚಿ. "ಈ ಸಪ್ಪಳದಾಗ ಯಾರಿಗೆ ಕೇಳ್ತೈತ್ರಿ!"

ಹುಡುಗನ ತಂದೆ ತಟ್ಟೆಯಿಂದ ಮುಖವೆತ್ತಿದರು. "ಮುಚ್ಚಿಡಬ್ಯಾಡ್ರಿ ಅಕ್ಕಾರ. ಇನ್ನೊಂದು ಚೂರ ಹಾಕ್ರಿ, ಬಾಳ ಛಲೋ ಆಗೇತಿ."

ಮೊದಲು ನಕ್ಕವಳು ಗಿರಿಜಾ. ಆಮೇಲೆ ಹುಡುಗ ನಕ್ಕ. ಅವರಿಬ್ಬರ ನಗೆ ಒಬ್ಬರದೊಬ್ಬರಿಗೆ ಕೇಳಿಸಿದ್ದೂ ಆಗಲೇ.

ನನ್ನ ಬೇಸಿಗೆಯ ಪಾಂಡಿತ್ಯ ಅಲ್ಲಿಗೆ ಮಣ್ಣುಪಾಲಾಯಿತು. ಕರೆಂಟು ಹೋದಾಗ ಜಗಳ ಹುಟ್ಟುತ್ತಿರಲಿಲ್ಲ. ಅದು ದಿನವಿಡೀ ನಡೆದೇ ಇರುತ್ತಿತ್ತು, ಮಗ್ಗ ನಿಂತಾಗ ಕೇಳಿಸುತ್ತಿತ್ತು, ಅಷ್ಟೆ. ನಾನು ಲೆಕ್ಕ ಹಾಕಿದ್ದು ಜಗಳವನ್ನಲ್ಲ, ನನ್ನ ಕಿವಿಯನ್ನು. ಇದನ್ನು ವಿಷಾದದಿಂದ ನಿವೇದಿಸಿಕೊಂಡಾಗ ಕಮಲಾ, "ಓಣ್ಯಾಗ ಯಾರನ್ನ ಕೇಳಿದ್ರೂ ಹೇಳ್ತಿದ್ರು," ಎಂದು ಬುಟ್ಟಿ ತೊಳೆಯಲು ಹೋದಳು.

ಗಿರಿಜಾ ಈಗ ಗಲಗಲಿಯಲ್ಲಿ ಸುಖವಾಗಿದ್ದಾಳೆ. ಮಗ್ಗವಿಲ್ಲದ ಆ ಊರಲ್ಲೂ ಕೂಗಿಯೇ ಉಪ್ಪು ಕೇಳುತ್ತಾಳಂತೆ. ಆ ಸುದ್ದಿ ಕಿವಿಗೆ ಬಿದ್ದಾಗ ನನಗೆ ಹೆಮ್ಮೆಯಾಗುತ್ತದೆ. ಬೀಗರು ಆಗಾಗ ಬರುತ್ತಾರೆ. ಆಗೆಲ್ಲ ನಾನು ಮಗ್ಗಗಳ ಅಬ್ಬರದ ನಡುವೆ, ಇವತ್ತಾದರೂ ನಡುಮಾತಿಗೆ ಕರೆಂಟು ಹೋದೀತೆಂಬ ಆಸೆಯಿಂದ, "ಬೀಗರಿಗೆ ಇನ್ನಷ್ಟು ಶಿರಾ ಹಾಕ!" ಎಂದು ಗಂಟಲು ಹರಿಯುವಂತೆ ಕೂಗುತ್ತೇನೆ. ಹಾಳಾದ್ದು, ಒಂದು ಸಲವೂ ಹೋಗಿಲ್ಲ.