ಅರ್ಜಿ ಮೇಷ್ಟ್ರ ಫೋಟೊ

ವಿಶ್ವವಿದ್ಯಾಲಯದ ಯಾವ ವಿಭಾಗದಲ್ಲಿ ಎಷ್ಟು ಹುದ್ದೆ ಖಾಲಿ, ಯಾವ ಪ್ರಾಧ್ಯಾಪಕರ ಕೈಕೆಳಗೆ ಪಿಎಚ್‌ಡಿಗೆ ಜಾಗವಿದೆ ಎಂಬುದು ಕುಲಪತಿಗಳಿಗಿಂತ ಮೊದಲು ಗೊತ್ತಾಗುವುದು ಅರ್ಜಿ ಮೇಷ್ಟ್ರಿಗೆ. ಪಾಠ ಹೇಳುವ ಕೆಲಸ ಅವರಿಗೆ ಯಾವತ್ತೂ ಸಿಕ್ಕಿಲ್ಲ. ಮೇಷ್ಟ್ರು ಅನ್ನುವುದು ಗ್ರಂಥಾಲಯದ ಮೆಟ್ಟಿಲ ಮೇಲೆ ಅವರಿಂದ ಅರ್ಜಿ ತುಂಬಿಸಿಕೊಂಡವರು ಕೊಟ್ಟ ಬಿರುದು. ಬೆಳಗಾದರೆ ಸೂಚನಾ ಫಲಕದ ಮುಂದೆ ಹಾಜರು, ಕಂಕುಳಲ್ಲಿ ಫೈಲು, ಜೇಬಿನಲ್ಲಿ ಗೋಂದು. "ಹನ್ನೆರಡನೇ ಕಾಲಂ ಖಾಲಿ ಬಿಡ್ಬೇಡಿ, ಅಲ್ಲೇ ಎತ್ತಿ ಬಿಸಾಕ್ತಾರೆ," ಎಂದು ಎಲ್ಲರನ್ನೂ ಎಚ್ಚರಿಸುತ್ತಾರೆ. ಹಾಗೆ ತುಂಬಿಸಿಕೊಂಡು ಹೋದವರಲ್ಲಿ ಎಷ್ಟೋ ಮಂದಿ ಡಾಕ್ಟರಾದರು. ಅವರು ಎದುರಿಗೆ ಬಂದರೆ ಮೇಷ್ಟ್ರು ಕಂಬದ ಮರೆಗೆ ಸರಿಯುತ್ತಾರೆ. ಮನೆಯಲ್ಲಿ ಅಕ್ಕ ಮದುವೆಯ ಮಾತೆತ್ತಿದರೆ, "ಪಿಎಚ್‌ಡಿ ಒಂದು ಆಗ್ಲಿ ತಡಿಯಕ್ಕ," ಎನ್ನುತ್ತಿದ್ದರು. ಈಗೀಗ ಅಕ್ಕ ಕೇಳುವುದನ್ನೇ ಬಿಟ್ಟಿದ್ದಾಳೆ. ಪಿಎಚ್‌ಡಿಗೆಂದು ಪ್ರತಿ ವರ್ಷ ಮೇಷ್ಟ್ರು ತಾವೇ ಹಾಕುವ ಅರ್ಜಿಯಲ್ಲಿ ಬದಲಾಗದೆ ಉಳಿದದ್ದು ಫೋಟೊ ಒಂದೇ. ಎಂ.ಎ. ಮುಗಿಸಿದ ವರ್ಷ ಮೂರು ಡಜನ್ ಒಟ್ಟಿಗೆ ಮಾಡಿಸಿದ್ದು, ಅದರಲ್ಲಿ ತಲೆತುಂಬ ಕೂದಲು. ಈ ಸಲ ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹೊಸದಾಗಿ ಬಂದ ಗುಮಾಸ್ತೆ ಆ ಫೋಟೊ ನೋಡಿದಳು, ಮೇಷ್ಟ್ರ ಬೋಳುತಲೆಯನ್ನೂ ನೋಡಿದಳು. "ನಿಮ್ಮ ಮಗಂದಾ ಸಾರ್? ಅವರೇ ಬಂದು ಸಹಿ ಹಾಕ್ಬೇಕಲ್ಲ," ಎಂದಳು, ಮರ್ಯಾದೆಯಿಂದಲೇ. ಅವರ ಹಿಂದೆ ಸಾಲಿನಲ್ಲಿ ಆ ಬೆಳಿಗ್ಗೆಯಷ್ಟೇ ಅವರಿಂದ ಅರ್ಜಿ ತುಂಬಿಸಿಕೊಂಡ ಇಬ್ಬರು ನಿಂತಿದ್ದರು. ಮೇಷ್ಟ್ರು ಅರ್ಜಿಯನ್ನು ವಾಪಸು ಎಳೆದುಕೊಂಡು, ನೆಲ ನೋಡುತ್ತ, "ಹೌದಮ್ಮ, ಮಗಂದೇ. ನಾಳೆ ಕಳಿಸ್ತೀನಿ," ಅಂದರು.