ಮೊಟ್ಟೆಯ ರುಚಿ ಹತ್ತಿದ ಮುಂಗುಸಿ

ಆ ವಾರ ಕಾಂತಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸೌತೆ ಬೆಳೆಯುವ ಪ್ಲಾಸ್ಟಿಕ್ ಮನೆಯೊಳಗೆ ಹೋಗುವನು, ಹೋದ ಕೆಲಸ ಮರೆತು ಹೊರಗೆ ಬರುವನು. ಪೈಪಿಗೆ ನೀರು ಬಿಟ್ಟು ಅರ್ಧ ಸಾಲು ನೆನೆಯುವಷ್ಟರಲ್ಲಿ ಮತ್ತೆ ಬಂದು ನಿಲ್ಲಿಸುವನು. ಅಡುಗೆಮನೆಯ ಬಾಗಿಲು ಕಿರುಗುಟ್ಟಿದರೆ ಸಾಕು, ಬೆಚ್ಚಿ ಅತ್ತ ನೋಡುವನು. ಅಡುಗೆಯ ಸಫೂರಾ ಹೊರಗೆ ಬಂದಳೋ, ಖರ್ಜೂರದ ಮರಗಳ ಆಚೆಗೆ ಏನೋ ಅವಸರದ ಕೆಲಸವಿದ್ದವನಂತೆ ನಡೆದುಬಿಡುವನು.

ಕುವೈತಿನ ದಕ್ಷಿಣದ ತುದಿಯಲ್ಲಿರುವ ವಫ್ರಾದ ಈ ತೋಟಕ್ಕೆ ಅವನು ಬಂದು ಹತ್ತು ವರ್ಷ ದಾಟಿತ್ತು. ಬೆಳ್ತಂಗಡಿ ಕಡೆಯವನು. ಮೊದಲು ಫರ್ವಾನಿಯಾದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಉಸಿರು ಕಟ್ಟಿದಂತಾಗಿ, ಮಣ್ಣಿನ ಕೆಲಸವಿದ್ದರೆ ಹೇಳಿ ಎಂದು ಕಂಡಕಂಡವರನ್ನೆಲ್ಲ ಕೇಳಿ ಇಲ್ಲಿಗೆ ಬಂದವನು. ಇರಾಕ್ ನುಗ್ಗಿದ ಯುದ್ಧದ ವರ್ಷ ಎಲ್ಲರಂತೆ ಬಸ್ಸು ಹತ್ತಿ ಜೋರ್ಡಾನ್ ದಾಟಿ ಊರು ಸೇರಿದ. ಎಲ್ಲ ತಣ್ಣಗಾದ ಮೇಲೆ ಮತ್ತೆ ಅದೇ ಕಫೀಲನ, ವೀಸಾ ಕೊಟ್ಟ ಧಣಿಯ, ಬಾಗಿಲಿಗೆ ಬಂದ. ಬಾವಿ ಹೂತುಹೋಗಿತ್ತು, ಮರಗಳು ಒಣಗಿದ್ದವು. ಮೊದಲಿನಂತೆ ಮಾಡಿ ನಿಲ್ಲಿಸಿದವನು ಇವನೇ. ಹಾಗಾಗಿ ತೋಟದಲ್ಲಿ ಅವನ ಮಾತಿಗೆ ಬೆಲೆಯಿತ್ತು. ಆ ಬೆಲೆಯೇ ಈಗ ಅವನನ್ನು ಚುಚ್ಚುತ್ತಿತ್ತು.

ಕಥೆ ಶುರುವಾದದ್ದು ಇಲಿಗಳಿಂದ. ಮರಳಿನಲ್ಲಿ ಬಿಲ ತೋಡುವ ದಪ್ಪ ಇಲಿಗಳು ನೀರಿಗಾಗಿ ಪೈಪುಗಳನ್ನು ಕಡಿದು ಹಾಕುತ್ತಿದ್ದವು. ಬೆಳಿಗ್ಗೆ ಎದ್ದರೆ ಒಂದು ಸಾಲು ಕೆರೆ, ಇನ್ನೊಂದು ಸಾಲು ಬಾಡಿದ ಬಳ್ಳಿ. ಕಫೀಲ್ ಸಾಲಿಂ ವಿಷ ತರಿಸಿ ಹಾಕಿಸಿದ. ಇಲಿ ಸತ್ತವೋ ಇಲ್ಲವೋ, ಅವನ ತಾಯಿ ಹಜ್ಜಾ ಸಾಕಿದ್ದ ಬಿಳಿ ಬೆಕ್ಕು ಸತ್ತಿತು. ಮುದುಕಿ ಮೂರು ದಿನ ಮಗನೊಡನೆ ಮಾತು ಬಿಟ್ಟಳು.

ಮರುವರ್ಷ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಪಂಪಿನ ಕೋಣೆಯ ಹಿಂದೆ ಬೂದು ಬಣ್ಣದ ಉದ್ದನೆಯ ಪ್ರಾಣಿಯೊಂದು ಎರಡು ಕಾಲ ಮೇಲೆ ಎದ್ದು ನಿಂತು ಕಾಂತಪ್ಪನನ್ನು ನೋಡಿತು. ಅವನು ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟ. ಮುಂಗುಸಿ! ಸಾಕ್ಷಾತ್ ಊರಿನ ಮುಂಗುಸಿ! ಇಲ್ಲಿಗೆ ಹೇಗೆ ಬಂತೋ, ಹಡಗಿನಲ್ಲಿ ಬಂತೋ, ಇರಾಕಿನ ಕಡೆಯಿಂದ ನಡೆದು ಬಂತೋ, ದೇವರೇ ಬಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಮುಂಗುಸಿ ಕಂಡರೆ ಆ ದಿನ ಒಳ್ಳೆಯದಾಗುತ್ತದೆಂದು ನಂಬಿ ಬೆಳೆದವನು ಅವನು. ಅರಿಯದೆಯೇ ಕೈ ಮುಗಿದ.

ಒಳ್ಳೆಯದೇ ಆಯಿತು. ಎರಡು ತಿಂಗಳಲ್ಲಿ ಇಲಿಯ ಬಿಲಗಳು ಬರಿದಾದವು. ಪೈಪು ಕಡಿಯುವುದು ನಿಂತಿತು. ಪಂಪಿನ ಹತ್ತಿರ ಒಂದು ದಿನ ಹಾವಿನ ಬಾಲದ ತುಂಡು ಬಿದ್ದಿತ್ತು. ಇಷ್ಟು ಕೆಲಸ ಮಾಡಿದವನಿಗೆ ಏನಾದರೂ ಕೊಡಬೇಡವೇ? ಕೋಳಿಗೂಡಿನಲ್ಲಿ ಬಿರುಕು ಬಿಟ್ಟ ಮೊಟ್ಟೆಗಳನ್ನು ಹಜ್ಜಾ ಕಾಂತಪ್ಪನಿಗೇ ಬಿಟ್ಟುಕೊಟ್ಟಿದ್ದಳು. ಅದರಲ್ಲೊಂದನ್ನು ದಿನಾ ಬೆಳಿಗ್ಗೆ ಪಂಪಿನ ಕೋಣೆಯ ಹಿಂದಿನ ಕಲ್ಲಿನ ಬಳಿ ಇಡತೊಡಗಿದ. ಮುಂಗುಸಿ ಬಂದು, ಕಲ್ಲಿಗೆ ಬೆನ್ನು ಹಾಕಿ, ಮೊಟ್ಟೆಯನ್ನು ಮುಂಗಾಲುಗಳಲ್ಲಿ ಹಿಡಿದು ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಎಸೆಯುತ್ತಿತ್ತು. ಟಪ್! ಒಡೆದದ್ದನ್ನು ತಿರುಗಿ ನೆಕ್ಕುತ್ತಿತ್ತು. ಒಬ್ಬನೇ ನಿಂತು ಮನಸಾರೆ ನಗುವುದಕ್ಕೆ ಅವನಿಗೆ ದಿನದಲ್ಲಿ ಸಿಗುತ್ತಿದ್ದದ್ದು ಅದೊಂದೇ ಹೊತ್ತು.

ಕೊಟ್ಟದ್ದನ್ನು ತಿಂದ ಪ್ರಾಣಿಗೆ, ಅದು ಎಲ್ಲಿಂದ ಬರುತ್ತದೆಂದು ಹುಡುಕಲು ಬಾರದೇ? ತೊಂಬತ್ತೆಂಟರ ಚಳಿಗಾಲಕ್ಕೆ ಹಜ್ಜಾ ಎಂದಿನಂತೆ ತೋಟದ ಮನೆಗೆ ಬಂದಳು. ಅವಳ ಜೊತೆಗೆ ಅಡುಗೆಗೂ ಕೋಳಿ ನೋಡಲಿಕ್ಕೂ ಹೊಸದಾಗಿ ಬಂದವಳು ಉಪ್ಪಿನಂಗಡಿಯ ಸಫೂರಾ. ಅದೇ ಹೊತ್ತಿಗೆ ಗೂಡಿನಲ್ಲಿ ಮೊಟ್ಟೆ ಕಡಿಮೆಯಾಗತೊಡಗಿತು. ಕಲ್ಲಿನ ಹಿಂದೆ ತಾನಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಚಿಪ್ಪು ರಾಶಿ ಬಿದ್ದಿರುವುದನ್ನು ಕಾಂತಪ್ಪ ಕಂಡ. ಯಾರ ಕಣ್ಣಿಗಾದರೂ ಬಿದ್ದರೆ ಮತ್ತೆ ವಿಷ ಬರುತ್ತದೆ ಎಂದು ಹೆದರಿ ಅಲ್ಲೇ ಮರಳಿನಲ್ಲಿ ಹೂತುಬಿಟ್ಟ. ಮರುದಿನದಿಂದ ಮೊಟ್ಟೆ ಇಡುವುದನ್ನೂ ನಿಲ್ಲಿಸಿದ. ಆದರೆ ಮುಂಗುಸಿ ನಿಲ್ಲಿಸಲಿಲ್ಲ.

ಶುಕ್ರವಾರ ಜುಮಾ ಮುಗಿದ ಮೇಲೆ ಹಜ್ಜಾ ಅಂಗಳದಲ್ಲಿ ಎಲ್ಲರೆದುರು ಸಫೂರಾಳ ಕಡೆ ಕೈ ತೋರಿಸಿದಳು. ಮೊಟ್ಟೆಯನ್ನು ಪಕ್ಕದ ತೋಟದ ಆಳುಗಳಿಗೆ ಕೊಡುತ್ತಿದ್ದಾಳೆ, ಗುರುವಾರ ಮಗ ಬಂದಾಗ ಇವಳನ್ನು ಕರೆತಂದ ಮಕ್ತಬ್ ಕಚೇರಿಗೆ ವಾಪಸು ಕಳಿಸುತ್ತೇನೆ, ಖಲಾಸ್, ಎಂದಳು. ಸಫೂರಾ ಅಲ್ಲಾಹುವಿನ ಮೇಲೆ ಆಣೆ ಹಾಕಿದಳು. ಮುದುಕಿ ಕೇಳಲಿಲ್ಲ. ಕಾಂತಪ್ಪ ಪೈಪಿನ ಸುರುಳಿ ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತಿದ್ದ. ಆಮೇಲೆ ಸೌತೆಯ ಸಾಲಿನ ಕಡೆ ನಡೆದುಬಿಟ್ಟ.

ಸೋಮವಾರ ಸಫೂರಾ ಅವನನ್ನು ತಪ್ಪಿಸಿಕೊಳ್ಳಲು ಬಿಡಲಿಲ್ಲ. ಪುದೀನದ ಮಡಿಯ ಬಳಿಯೇ ಬಂದು ನಿಂತಳು.

"ಅಣ್ಣಾ, ಸ್ವಲ್ಪ ಪುದೀನ ಕೊಡಿ. ಮತ್ತೆ, ಎಂತ ನೀವು, ನನ್ನನ್ನು ಕಂಡರೆ ಭೂತ ಕಂಡ ಹಾಗೆ ಓಡ್ತೀರಿ? ನಿಮಗೂ ನಾನೇ ಕಳ್ಳಿ ಅಂತ ಕಾಣ್ತದಾ?"

"ಛೆ! ಎಂತ ಮಾತು ಮಾರಾಯ್ತಿ ಅದು."

"ಹಾಗಾದ್ರೆ ಹಜ್ಜಾ ಹತ್ರ ಒಂದು ಮಾತು ಹೇಳಿ. ನಿಮ್ಮ ಮಾತು ಇಲ್ಲಿ ನಡೀತದೆ. ಕಳ್ಳಿ ಅಂತ ಹೆಸರು ಹಾಕಿ ವಾಪಸ್ ಬಿಟ್ರೆ ಮತ್ತೆ ಯಾವ ಮನೆಯವರು ನನ್ನನ್ನು ಒಳಗೆ ಸೇರಿಸ್ತಾರೆ? ಊರಿಗೆ ಹೋದ್ರೂ ಆ ಹೆಸರು ನನಗಿಂತ ಮೊದ್ಲೇ ಹೋಗಿ ಕೂತಿರ್ತದೆ."

"ಹೇಳ್ತೇನೆ. ಸಮಯ ನೋಡಿ ಹೇಳ್ತೇನೆ."

"ಸಮಯ ನೋಡ್ಲಿಕ್ಕೆ ಗುರುವಾರದವರೆಗೆ ಮಾತ್ರ ಉಂಟು ಅಣ್ಣಾ."

ಅವಳು ಹೋದ ಮೇಲೆ ಅವನು ನೋಡಿದರೆ ಕೈಯಲ್ಲಿ ಪುದೀನ ಬೇರು ಸಮೇತ ಬಂದಿತ್ತು.

ಮಂಗಳವಾರ ಹಜ್ಜಾಳ ಕುರ್ಚಿಯವರೆಗೆ ಹೋಗಿ, ಖರ್ಜೂರದ ಗರಿ ಕಡಿಯಬೇಕೇ ಎಂದು ಕೇಳಿ ಬಂದ. ಬುಧವಾರ ಅದೂ ಆಗಲಿಲ್ಲ. ಮುಂಗುಸಿಗೆ ವಿಷ ಬೀಳುತ್ತದೆ ಎಂಬ ಸಂಕಟ ಒಂದು. ಹಜ್ಜಾಳ ಕೋಳಿಗೂಡಿಗೆ ಕಳ್ಳನನ್ನು ಊಟವಿಟ್ಟು ಕರೆತಂದವನು ಇವನೇ ಎಂದು ಗೊತ್ತಾದರೆ ಮುಂದಿನ ತಿಂಗಳು ಮುಗಿಯುವ ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ಸಾಲಿಂ ಮತ್ತೆ ಮಾಡಿಸುತ್ತಾನೋ ಇಲ್ಲವೋ ಎಂಬ ಭಯ ಇನ್ನೊಂದು. ಮೊದಲಿನದನ್ನು ಅವನು ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತಿದ್ದ. ಎರಡನೆಯದನ್ನು ಹೇಳಿಕೊಳ್ಳುತ್ತಿರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಸಾಲಿಂನ ಗಾಡಿ ಬಂತು. ಸಫೂರಾ ಚೀಲ ಹಿಡಿದು ಹೊರಗೆ ಬಂದಳು. ಅಳುತ್ತಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. "ಯಲ್ಲಾ" ಎಂದು ಸಾಲಿಂ ಗಾಡಿಯ ಹಿಂಬಾಗಿಲು ತೆರೆದ. ಆ ಬಾಗಿಲ ಸದ್ದಿಗೆ ಕಾಂತಪ್ಪನ ಕಾಲು ತಾನಾಗಿ ಓಡಿತು.

"ಹಜ್ಜಾ! ಒಂದು ನಿಮಿಷ ಹಜ್ಜಾ! ಇಲ್ಲಿ ಬನ್ನಿ!"

"ಏನಾಯಿತು ನಿನಗೆ, ಬಿಸಿಲು ತಲೆಗೇರಿತೇ?" ಎಂದ ಸಾಲಿಂ.

ಕಾಂತಪ್ಪ ಉತ್ತರಿಸದೆ ಪಂಪಿನ ಕೋಣೆಯ ಹಿಂದಕ್ಕೆ ಹೋಗಿ ಕಲ್ಲಿನ ಬುಡ ಅಗೆಯತೊಡಗಿದ. ಹಜ್ಜಾ ಕೋಲೂರಿಕೊಂಡು ಬಂದಳು. ಮರಳಿನಿಂದ ಬಿಳಿ, ಕಂದು ಚಿಪ್ಪುಗಳು ಬುಟ್ಟಿಗಟ್ಟಲೆ ಎದ್ದವು. ಅರ್ಧ ಅರಬಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆಯಲ್ಲಿ ಅವನು ಎಲ್ಲವನ್ನೂ ಹೇಳಿದ: ಇಷ್ಟುದ್ದದ ಪ್ರಾಣಿ, ಇಷ್ಟುದ್ದದ ಬಾಲ, ಮೊಟ್ಟೆಯನ್ನು ಹೀಗೆ ಎಸೆಯುತ್ತದೆ. ಎಸೆಯುವುದನ್ನು ತೋರಿಸಲು ಬಗ್ಗಿ, ಕಾಲುಗಳ ನಡುವಿನಿಂದ ಹಿಂದಕ್ಕೆ ಕೈ ಬೀಸಿದ. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

"ಮೊದಲು ಮೊಟ್ಟೆ ಕೊಟ್ಟು ಕಲಿಸಿದ್ದು ನಾನು," ಎಂದ. "ಇದನ್ನು ಹೂತದ್ದೂ ನಾನು. ಸಫೂರಾಳ ತಪ್ಪಿಲ್ಲ."

ಸಾಲಿಂ ಚಿಪ್ಪುಗಳನ್ನು ಚಪ್ಪಲಿಯಿಂದ ಒದ್ದ. "ನಾಳೆಯೇ ವಿಷ ಇಡು. ಇಂಥ ಪ್ರಾಣಿಯಿಂದ ಏನು ಪ್ರಯೋಜನ?"

"ಪೈಪು ನೋಡಿ ಬಾಬಾ. ಮುಂಚೆ ದಿನಾ ಬೆಳಿಗ್ಗೆ ತೇಪೆ ಹಾಕ್ತಿದ್ದೆ. ಈ ಚಳಿಗಾಲ ಒಂದೇ ಒಂದು ಹಾಕಿದ್ದೇನಾ ಕೇಳಿ. ಇದನ್ನು ಕೊಂದ್ರೆ ಇಲಿ ವಾಪಸ್ ಬರ್ತದೆ."

ಹಜ್ಜಾ ಕೋಲಿನ ತುದಿಯಿಂದ ಚಿಪ್ಪಿನ ರಾಶಿಯನ್ನು ಕೆದಕಿದಳು. "ಹಾಗಾದರೆ ನಿನ್ನ ಪ್ರಾಣಿ ಕಾವಲು ಕಾಯುತ್ತದೆ, ಕದಿಯುತ್ತದೆ, ಸುಮ್ಮನಿರುತ್ತದೆ," ಎಂದಳು. "ನಿನ್ನ ಹಾಗೆಯೇ ಅನ್ನು." ಆಮೇಲೆ ಮಗನ ಕಡೆ ತಿರುಗಿ, "ನನ್ನ ತೋಟದಲ್ಲಿ ಇನ್ನು ವಿಷ ಇಡಬೇಡ. ಒಂದು ಬೆಕ್ಕು ಸತ್ತದ್ದು ಸಾಕು," ಎಂದು ಮನೆಯತ್ತ ಹೊರಟಳು. ಸಫೂರಾಳ ಪಕ್ಕದಲ್ಲಿ ಹಾದುಹೋಗುವಾಗ ನಿಂತು, ಅವಳ ಕೈಯಿಂದ ಚೀಲ ತಾನೇ ತೆಗೆದುಕೊಂಡು ಒಳಗೆ ನಡೆದಳು. ತಪ್ಪಾಯಿತು ಎನ್ನಲಿಲ್ಲ. ಆ ಚೀಲ ಹೊರುವ ವಯಸ್ಸು ಅವಳದಾಗಿರಲಿಲ್ಲ.

ಮೊಟ್ಟೆಯ ರುಚಿ ಬಿಡಿಸುವ ಉಪಾಯ ಹೇಳಿದವಳು ಸಫೂರಾಳೇ. ಅವಳ ಉಮ್ಮ ಊರಿನಲ್ಲಿ ಮೊಟ್ಟೆ ಕುಡಿಯುವ ನಾಯಿಗೆ ಮಾಡುತ್ತಿದ್ದದ್ದಂತೆ. ಮೊಟ್ಟೆಗೆ ಸೂಜಿಯಿಂದ ತೂತು ಮಾಡಿ ಒಳಗಿನದ್ದನ್ನು ಹೀರಿ ತೆಗೆದಳು. ಮೆಣಸು, ಸಾಸಿವೆ ಅರೆದು ನೀರಾಗಿಸಿ ಒಳಗೆ ತುಂಬಿದಳು. ತೂತಿಗೆ ಗೋಧಿ ಹಿಟ್ಟು ಮೆತ್ತಿದಳು. ಇಂಥ ನಾಲ್ಕನ್ನು ಗೂಡಿನಲ್ಲಿಟ್ಟು, ಒಳ್ಳೆಯ ಮೊಟ್ಟೆಗಳನ್ನು ಎತ್ತಿಕೊಂಡಳು.

ಶನಿವಾರ ಮುಂಗುಸಿ ಬಂತು. ಹಜ್ಜಾ ದೂರದಲ್ಲಿ ಕುರ್ಚಿ ಹಾಕಿಸಿ ಕೂತಿದ್ದಳು. ಅದು ಮೊಟ್ಟೆಯನ್ನು ಕಲ್ಲಿನವರೆಗೆ ಉರುಳಿಸಿ ತಂದಿತು, ಬೆನ್ನು ಹಾಕಿತು, ಎಸೆಯಿತು. ಟಪ್! ಒಮ್ಮೆ ನೆಕ್ಕಿತು. ಮರುಕ್ಷಣ ಮೂತಿಯನ್ನು ಮರಳಿಗೆ ಉಜ್ಜುತ್ತಾ, ಕಿರುಚುತ್ತಾ, ಬಾಲದ ಕೂದಲೆಲ್ಲ ನಿಮಿರಿಸಿ ಸುತ್ತಿ ಸುತ್ತಿ ಓಡಿತು. ಮುದುಕಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕಾಂತಪ್ಪನಿಗೆ ನಗು ಬರಲಿಲ್ಲ. ಓಡುವ ಮೊದಲು ಅದು ತನ್ನ ಕಡೆಗೇ ನೋಡಿತೆಂದು ಅವನಿಗನ್ನಿಸಿತು.

ಅಷ್ಟಕ್ಕೇ ನೆಚ್ಚಿ ಕೂರುವಂತಿರಲಿಲ್ಲ. ಪ್ರಾಣಿ ಮರಳು ಕೆರೆದು ಒಳಗೆ ನುಗ್ಗದಂತೆ ಕೋಳಿಗೂಡಿನ ಸುತ್ತ ಅಗಳು ತೋಡಿ ಕಬ್ಬಿಣದ ಜಾಲರಿಯನ್ನು ಹೂಳಬೇಕಿತ್ತು. ಸಂಜೆ ಅವನು ಅಗೆಯುತ್ತಿರುವಾಗ ಸಫೂರಾ ಚಹಾ ತಂದು ಗೂಡಿನ ಗೋಡೆಯ ಮೇಲಿಟ್ಟಳು.

"ಅದಕ್ಕೆ ತುಂಬಾ ಉರಿದಿರ್ಬೇಕು ಪಾಪ," ಎಂದ ಅವನು, ತಲೆಯೆತ್ತದೆ.

"ಉರೀತದೆ. ಎರಡು ದಿನದಲ್ಲಿ ಸರಿಯಾಗ್ತದೆ. ಪ್ರಾಣಿಗೆ ಎಂತ ಗೊತ್ತು, ಕೊಟ್ಟದ್ದನ್ನು ತಿಂದಿತು." ಲೋಟವನ್ನು ಅವನ ಕಡೆಗೆ ಸರಿಸಿ ಅವಳೇ ಹೇಳಿದಳು: "ಆರು ದಿನ, ಅಣ್ಣಾ. ಆರು ದಿನ ನೀವು ಸುಮ್ಮನಿದ್ರಿ."

ಅವನ ಗುದ್ದಲಿ ನಿಂತಿತು.

"ಆ ಆರು ದಿನವೂ ನಾನು ನಮಾಜು ಮುಗಿಸಿ ದುಆದಲ್ಲಿ ನಿಮ್ಮ ಹೆಸರು ಹೇಳ್ತಿದ್ದೆ. ಇಲ್ಲಿ ನನಗೆ ಅಂತ ಇರೋದು ಒಬ್ರು ಅಣ್ಣ, ಅವ್ರ ಬಾಯಲ್ಲಿ ನನ್ನ ಪರ ಒಂದು ಮಾತು ಬರ್ಲಿ ಅಂತ."

"ಬಂತಲ್ಲ, ಕೊನೆಗೆ..." ಎಂದ ಕಾಂತಪ್ಪ. ಹೇಳಿದ ಕೂಡಲೇ ಆ ಮಾತು ಬೇಡವಾಗಿತ್ತು ಎನಿಸಿತು.

"ಬಂತು," ಎಂದಳು ಸಫೂರಾ. "ಚಹಾ ಆರ್ತದೆ." ಸಂಜೆಯ ಮಗ್ರಿಬ್ ಬಾಂಗ್ ಕೇಳಿತು. ತಲೆಯ ಬಟ್ಟೆ ಎಳೆದುಕೊಂಡು ಒಳಗೆ ಹೋದಳು.

ಜಾಲರಿಗೆ ಮೊಣಕಾಲುದ್ದದ ಗುಂಡಿ ಸಾಕಿತ್ತು. ಕತ್ತಲಾಗುವವರೆಗೂ ಅಗೆದು ಅಗೆದು ಕಾಂತಪ್ಪ ಸೊಂಟದವರೆಗೆ ಇಳಿದಿದ್ದ.